ಬೆಳಕು ಹರಿಯುವ ಮೊದಲೇ ಹುಂಜದ ಕೂಗು, 8 ಮೀಟರ್ ದೂರದಲ್ಲಿ ಪಕ್ಕದ ಮನೆಯ ಕಿಟಕಿ: ಏನು ಮಾಡಬಹುದು?

ಹಿತ್ತಿಲಗೂಡು (ಪ್ರಶ್ನೆ)

ಹಿತ್ತಿಲಲ್ಲಿ 6 ಹೇಂಟೆ, 1 ಹುಂಜ ಇವೆ. ಗೂಡು 2 ಮೀಟರ್ ಉದ್ದ, 1.2 ಮೀಟರ್ ಅಗಲ. ಮೂರು ಕಡೆ 12 ಮಿ.ಮೀ. ಪ್ಲೈವುಡ್, ಮುಂದೆ ಜಾಲರಿ, ಮೇಲೆ ತಗಡು. ಹುಂಜಕ್ಕೆ ಒಂದು ವರ್ಷ. ಬೆಳಕು ಹರಿಯಲು ಇನ್ನೂ ಒಂದೂವರೆ, ಎರಡು ಗಂಟೆ ಇರುವಾಗಲೇ ಕೂಗಲು ಶುರು ಮಾಡುತ್ತದೆ. ಪಕ್ಕದ ಮನೆಯವರ ಮಲಗುವ ಕೋಣೆಯ ಕಿಟಕಿ ಗೂಡಿನಿಂದ ಸುಮಾರು 8 ಮೀಟರ್. ಜಾಲರಿಯ ಮುಖ ಇರುವುದೂ ಆ ಕಡೆಗೇ. ಅವರು ಜಗಳಕ್ಕೇನೂ ಬಂದಿಲ್ಲ, ಆದರೆ ನಿದ್ದೆಗೆಡುತ್ತಿದೆ ಎಂದು ಹೇಳಿದ್ದಾರೆ.

ಗೂಡಿಗೆ ಕಪ್ಪು ಪರದೆ ಕಟ್ಟಿದರೆ ಸಾಕೇ? ಒಳಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಶಬ್ದ ಕಡಿಮೆಯಾಗುತ್ತದೆ ಎನ್ನುತ್ತಾರೆ, ನಿಜವೇ? ಕುತ್ತಿಗೆಗೆ ಕಟ್ಟುವ ಕಾಲರ್ ಬಗ್ಗೆಯೂ ಓದಿದೆ.

ಜೊತೆಗೆ ಇನ್ನೊಂದು. ಎರಡು ಹೇಂಟೆಗಳ ಬೆನ್ನ ಮೇಲೆ ಗರಿಯೇ ಇಲ್ಲ. ಮೊಟ್ಟೆಯ ಸಿಪ್ಪೆ ಇತ್ತೀಚೆಗೆ ತೆಳ್ಳಗಾಗಿದೆ. ಲೇಯರ್ ಫೀಡ್ (ಮೊಟ್ಟೆಕೋಳಿಗಳ ಸಿದ್ಧ ಮೇವು) ಇಡುತ್ತೇನೆ, ಬೆಳಿಗ್ಗೆ ಸಂಜೆ ಒಂದೊಂದು ದೊಡ್ಡ ಹಿಡಿ ಕಾಳು ಎರಚುತ್ತೇನೆ. ಇವುಗಳಿಗೆ ಒಂದಕ್ಕೊಂದು ಸಂಬಂಧ ಇದೆಯೇ?

ನಸುಕು

ಮೊದಲು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಿ: ನಿಮಗೆ ಹುಂಜ ಬೇಕೇ ಬೇಕಾ? ಮೊಟ್ಟೆಗಾಗಿ ಮಾತ್ರ ಸಾಕುವುದಾದರೆ ಬೇಡ. ಹುಂಜ ಇದ್ದರೂ ಇಲ್ಲದಿದ್ದರೂ ಹೇಂಟೆ ಅಷ್ಟೇ ಮೊಟ್ಟೆ ಇಡುತ್ತದೆ. ಮರಿ ಮಾಡಿಸಬೇಕು, ಅಥವಾ ಹಗಲು ಕೋಳಿಗಳನ್ನು ಹೊರಗೆ ಬಿಡುವಾಗ ಹದ್ದು ನಾಯಿ ಕಂಡರೆ ಎಚ್ಚರಿಸಲು ಒಂದು ಇರಲಿ ಎನ್ನುವುದಾದರೆ ಮಾತ್ರ ಮುಂದಿನ ತಲೆನೋವಿಗೆ ಅರ್ಥವಿದೆ.

ಇನ್ನು ಕತ್ತಲೆಯ ಮಾತು. ಹುಂಜ ಕೂಗುವುದು ಬೆಳಕು ಕಂಡು ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಶಿಮ್ಮುರಾ ಮತ್ತು ಯೋಶಿಮುರಾ 2013ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ದಿನವಿಡೀ ಒಂದೇ ಸಮನಾದ ಮಂದ ಬೆಳಕಿನಲ್ಲಿಟ್ಟ ಹುಂಜಗಳೂ ಮುಂಜಾವಿನ ಹೊತ್ತಿಗೇ ಕೂಗುತ್ತಿದ್ದವು. ಗಡಿಯಾರ ಅವುಗಳ ಮೈಯೊಳಗೇ ಇದೆ. ನಿಮ್ಮ ಹುಂಜ ಎರಡು ಗಂಟೆ ಮುಂಚೆ ಶುರು ಮಾಡುವುದರಲ್ಲಿ ವಿಶೇಷವೇನೂ ಇಲ್ಲ, ಅದು ಅದರ ಮಾಮೂಲಿ ಸಮಯ. ಹಾಗಂತ ಬೆಳಕಿಗೆ, ಸದ್ದಿಗೆ ಪಾತ್ರವೇ ಇಲ್ಲ ಎಂದಲ್ಲ. ಬೀದಿದೀಪ, ವಾಹನದ ಹೆಡ್‌ಲೈಟ್, ದೂರದ ಇನ್ನೊಂದು ಹುಂಜದ ಕೂಗು, ಇವೆಲ್ಲ ಅದನ್ನು ಕೆರಳಿಸುತ್ತವೆ, ಅದರಲ್ಲೂ ಮುಂಜಾವಿನ ಹೊತ್ತಿನಲ್ಲಿ ಇನ್ನಷ್ಟು ಸುಲಭವಾಗಿ. ಪರದೆ ಕಟ್ಟಿದರೆ ಮಧ್ಯರಾತ್ರಿಯ ಅಕಾಲದ ಕೂಗು ಕಡಿಮೆಯಾದೀತು, ನಸುಕಿನ ಕೂಗು ನಿಲ್ಲುವುದಿಲ್ಲ.

ಎರಡನೇ ಹುಂಜ ತಂದರೆ ಮೊದಲನೆಯದು ತೆಪ್ಪಗಾಗುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಗುಂಪಿನ ಯಜಮಾನ ಮೊದಲು ಕೂಗುತ್ತದೆ, ಉಳಿದವು ಅಂತಸ್ತಿನ ಪ್ರಕಾರ ಸರದಿಯಲ್ಲಿ ಕೂಗುತ್ತವೆ. ನಿಮಗೆ ಸಿಗುವುದು ಒಂದಕ್ಕೆ ಎರಡು ಕೂಗು.

ಶಬ್ದದ ಲೆಕ್ಕ ಹೀಗೆ ಹಾಕಿ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಶಬ್ದ 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 100 ಡೆಸಿಬೆಲ್ ಎಂದಿಟ್ಟುಕೊಂಡರೆ 2, 4, 8 ಮೀಟರ್ ದಾಟುವಾಗ ಮೂರು ಸಲ 6, ಅಂದರೆ ಕಿಟಕಿಯ ಬಳಿ 82. ಗೂಡನ್ನು ಇನ್ನೂ 8 ಮೀಟರ್ ಹಿಂದಕ್ಕೆ ತಳ್ಳಿದರೆ ಸಿಗುವುದು ಮತ್ತೊಂದು 6 ಅಷ್ಟೇ. ನಮ್ಮ ಕಿವಿಗೆ 'ಅರ್ಧಕ್ಕಿಳಿದಿದೆ' ಅನ್ನಿಸಲು ಸುಮಾರು 10 ಬೇಕು. ಹಾಗಾಗಿ ಚಿಕ್ಕ ಹಿತ್ತಿಲಿನಲ್ಲಿ ಗೂಡನ್ನು ಆ ಮೂಲೆಯಿಂದ ಈ ಮೂಲೆಗೆ ಎಳೆದಾಡಿ ದೊಡ್ಡ ಲಾಭವಿಲ್ಲ. ಆದರೆ ಜಾಲರಿಯ ಮುಖವನ್ನು ಕಿಟಕಿಯಿಂದ ಬೇರೆ ಕಡೆಗೆ ತಿರುಗಿಸುವುದು ಖರ್ಚಿಲ್ಲದ ಕೆಲಸ, ಅದನ್ನು ಇವತ್ತೇ ಮಾಡಿ. ತಿರುಗಿಸುವಾಗ ಎದುರಿಗೆ ಬರಿ ಕಾಂಪೌಂಡ್ ಗೋಡೆ ಬಂದರೆ ಶಬ್ದ ಬಡಿದು ವಾಪಸ್ ಬರುತ್ತದೆ, ಗಮನವಿರಲಿ.

ಮೊಟ್ಟೆ ಟ್ರೇ ಬೇಡವೇ ಬೇಡ. ಅದು ಒಳಗಿನ ಪ್ರತಿಧ್ವನಿಯನ್ನು ಚೂರು ತಗ್ಗಿಸಬಹುದು, ಶಬ್ದ ಹೊರಗೆ ಹೋಗುವುದನ್ನು ತಡೆಯುವುದಿಲ್ಲ. ಅಷ್ಟೊಂದು ಗುಳಿ ಸಂದುಗಳಲ್ಲಿ ಹೇನು ನುಸಿಗಳು ಸಂಸಾರ ಹೂಡುತ್ತವೆ, ಅದು ಬೇರೆ.

ಮರಗೆಲಸ

ಶಬ್ದ ನಿಲ್ಲಿಸುವುದು ತೂಕ ಮತ್ತು ಸಂದಿಲ್ಲದ ಮುಚ್ಚಿಗೆ. ಇಡೀ ಗೂಡಿಗೆ ಅದನ್ನು ಮಾಡಲು ಹೋದರೆ ಹಣವೂ ಹೆಚ್ಚು, ಗಾಳಿಯೂ ಕಷ್ಟ. ಹುಂಜಕ್ಕೆ ಮಾತ್ರ ರಾತ್ರಿಯ ಪೆಟ್ಟಿಗೆ ಮಾಡಿ, ಗೂಡಿನೊಳಗೇ ಇಡಿ.

ಒಳಅಳತೆ 60 × 60 ಸೆಂ.ಮೀ. ಎತ್ತರವನ್ನು ಹುಂಜ ನೋಡಿ ನಿರ್ಧರಿಸಿ: ಆರಾಮಾಗಿ ನಿಂತಾಗ ಜುಟ್ಟಿನ ಮೇಲೆ 4–5 ಸೆಂ.ಮೀ. ಜಾಗ ಉಳಿಯಬೇಕು. ಜೋರಾಗಿ ಕೂಗಲು ಹುಂಜ ಕುತ್ತಿಗೆಯನ್ನು ಮೇಲಕ್ಕೂ ಮುಂದಕ್ಕೂ ಚಾಚುತ್ತದೆ. ಚಾಚಲು ಜಾಗವಿಲ್ಲದಿದ್ದರೆ ಕೂಗು ಕುಂಠಿತವಾಗುತ್ತದೆ. ಕೆಲವು ಹುಂಜಗಳು ಬಗ್ಗಿಕೊಂಡೇ ಕೂಗುವುದನ್ನೂ ಕಲಿಯುತ್ತವೆ, ಆದ್ದರಿಂದ ಚಾವಣಿಯನ್ನು ನಂಬಿ ಗೋಡೆ ತೆಳ್ಳಗೆ ಮಾಡಬೇಡಿ. ಕೂರುವ ಕೋಲು ಹಾಕಬೇಡಿ, ನೆಲಕ್ಕೆ 8 ಸೆಂ.ಮೀ. ದಪ್ಪ ಒಣ ಮರದ ಹೊಟ್ಟು ಸಾಕು.

ಗೋಡೆ: ಹೊರಗೆ 18 ಮಿ.ಮೀ. ಪ್ಲೈ, ನಡುವೆ 50 ಮಿ.ಮೀ. ಕಲ್ಲುನಾರಿನ ಹಾಸು ಅಂದರೆ ರಾಕ್‌ವೂಲ್, ಒಳಗೆ 12 ಮಿ.ಮೀ. ಪ್ಲೈ. ಎರಡು ಪ್ಲೈಗಳ ದಪ್ಪ ಬೇರೆ ಬೇರೆ ಇರಬೇಕು. ಒಂದೇ ದಪ್ಪವಾದರೆ ಎರಡೂ ಒಂದೇ ಸ್ವರಕ್ಕೆ ಕಂಪಿಸಿ ಆ ಸ್ವರವನ್ನು ಸಲೀಸಾಗಿ ಹೊರಗೆ ಬಿಡುತ್ತವೆ. ಥರ್ಮೋಕೋಲ್ ತುಂಬಬೇಡಿ. ಶಾಖಕ್ಕೆ ಸರಿ, ಶಬ್ದಕ್ಕೆ ಅದರಲ್ಲಿ ತೂಕವೇ ಇಲ್ಲ, ಮೇಲಾಗಿ ಕೋಳಿಗಳು ಅದನ್ನು ಕುಕ್ಕಿ ಕುಕ್ಕಿ ತಿನ್ನುತ್ತವೆ. ರಾಕ್‌ವೂಲ್ ಕೂಡ ಎಲ್ಲೂ ಹೊರಗೆ ಕಾಣಬಾರದು.

ಬಾಗಿಲ ಸುತ್ತ ರಬ್ಬರ್ ಪಟ್ಟಿ, ಎರಡು ಕಡೆ ಒತ್ತಿ ಹಿಡಿಯುವ ಚಿಲಕ, ಮೂಲೆಗಳಿಗೆ ಸೀಲಂಟ್ (ಸಂದು ಮುಚ್ಚುವ ಅಂಟು). ಇಲ್ಲಿ ಸೋಮಾರಿತನ ಮಾಡಿದರೆ ಉಳಿದ ಖರ್ಚೆಲ್ಲ ದಂಡ. ಗೋಡೆಯ ವಿಸ್ತೀರ್ಣದ ನೂರರಲ್ಲಿ ಒಂದು ಪಾಲು ತೆರೆದಿದ್ದರೂ, ಗೋಡೆ ಎಷ್ಟೇ ದಪ್ಪವಿರಲಿ, ಒಟ್ಟು ತಡೆ 20 ಡೆಸಿಬೆಲ್ ದಾಟುವುದಿಲ್ಲ.

ಹಾಗಾದರೆ ಗಾಳಿ? ಈ ಪೆಟ್ಟಿಗೆಯ ನಿಜವಾದ ಕಷ್ಟ ಇದೇ. ಗಾಳಿಕಿಂಡಿಯನ್ನು ನೇರ ತೂತಾಗಿ ಬಿಡದೆ ಅಂಕುಡೊಂಕು ಕೊಳವೆಯಾಗಿ ಮಾಡಬೇಕು. ಒಳಭಾಗ 10 × 15 ಸೆಂ.ಮೀ. ಬಿಡುವಿರುವ ಪ್ಲೈ ಕೊಳವೆ, ಉದ್ದ ಕನಿಷ್ಠ 90 ಸೆಂ.ಮೀ., ಎರಡು ತಿರುವು, ಒಳಮೈಗೆ 25 ಮಿ.ಮೀ. ರಾಕ್‌ವೂಲ್ ಹಾಸಿ ಅದರ ಮೇಲೆ ತೆಳು ಬಟ್ಟೆ, ಸಣ್ಣ ಜಾಲರಿ. ಗಾಳಿ ತಿರುಗಿ ಹೋಗುತ್ತದೆ, ಶಬ್ದ ಪ್ರತಿ ತಿರುವಿನಲ್ಲೂ ರಾಕ್‌ವೂಲಿಗೆ ಬಡಿದು ಸಾಯುತ್ತದೆ. ಬೆಳಕೂ ಒಳಗೆ ಬರುವುದಿಲ್ಲ. ಇಂಥ ಎರಡು ಬೇಕು: ಒಂದು ನೆಲದ ಬಳಿ, ಒಂದು ಎದುರು ಗೋಡೆಯಲ್ಲಿ ಚಾವಣಿಯ ಬಳಿ. ಬಿಸಿ ತೇವದ ಗಾಳಿ ಮೇಲಿನಿಂದ ಹೋಗಿ, ತಣ್ಣನೆಯದು ಕೆಳಗಿನಿಂದ ಬರಲಿ. ಮೇಲಿನ ಕೊಳವೆಯ ಹೊರತುದಿಗೆ 12 ವೋಲ್ಟಿನ 80 ಮಿ.ಮೀ. ಕಂಪ್ಯೂಟರ್ ಫ್ಯಾನ್, ಗಾಳಿ ಹೊರಗೆಳೆಯುವಂತೆ. ಒಳತುದಿಗೆ ಹಾಕಿದರೆ ಹೊಟ್ಟಿನ ಧೂಳು ಅಂಟಿ ಬೇಗ ನಿಂತುಹೋಗುತ್ತದೆ.

ಮೊದಲ ಕೆಲವು ರಾತ್ರಿ ಒಳಗೊಂದು, ಹೊರಗೊಂದು ಥರ್ಮಾಮೀಟರ್ ಇಡಿ. ಬೆಳಿಗ್ಗೆ ಒಳಗಿನ ಬಿಸಿ ಹೊರಗಿಗಿಂತ 3 ಡಿಗ್ರಿಗೂ ಹೆಚ್ಚಿದ್ದರೆ, ಒಳಗೋಡೆಯಲ್ಲಿ ನೀರ ಹನಿ ಕಂಡರೆ, ಬಾಗಿಲು ತೆಗೆದೊಡನೆ ಮೂಗಿಗೆ ಘಾಟು ಹೊಡೆದರೆ ಗಾಳಿ ಸಾಲದು. ಸರಿಪಡಿಸುವವರೆಗೆ ಹುಂಜವನ್ನು ಒಳಗೆ ಬಿಡಬೇಡಿ.

ಚೆನ್ನಾಗಿ ಮಾಡಿದರೆ 25 ಡೆಸಿಬೆಲ್ ಆಸುಪಾಸು ತಡೆ ನಿರೀಕ್ಷಿಸಬಹುದು. ಮೇಲಿನ 82 ಆಗ 57ಕ್ಕೆ ಬರುತ್ತದೆ, ಕಿಟಕಿ ಮುಚ್ಚಿದ್ದರೆ ಇನ್ನೂ ಕಡಿಮೆ. ಫೋನಿನ ಆ್ಯಪ್ ತೋರಿಸುವ ಸಂಖ್ಯೆಯನ್ನು ವೇದವಾಕ್ಯ ಮಾಡಿಕೊಳ್ಳಬೇಡಿ, ಆದರೆ ಅದೇ ಫೋನು, ಅದೇ ಜಾಗ, ಪೆಟ್ಟಿಗೆಗೆ ಮುಂಚೆ ಮತ್ತು ನಂತರ ಎಂದು ಹೋಲಿಸಿದರೆ ವ್ಯತ್ಯಾಸ ಸರಿಯಾಗಿ ಸಿಗುತ್ತದೆ. ಸರಾಸರಿಯನ್ನಲ್ಲ, ಗರಿಷ್ಠ ಮಟ್ಟವನ್ನು ನೋಡಿ.

ಕೆಂಪುಜುಟ್ಟು

ಪೆಟ್ಟಿಗೆ ಕಟ್ಟಲು ಎಲ್ಲರಿಗೂ ಆಗುವುದಿಲ್ಲ. ಕಾಲರ್ ಅನ್ನು ಪೂರ್ತಿ ತಳ್ಳಿಹಾಕುವುದೂ ಬೇಡ. ಹುಂಜದ ಧ್ವನಿಪೆಟ್ಟಿಗೆ ಇರುವುದು ಗಂಟಲಲ್ಲಲ್ಲ, ಎದೆಯೊಳಗೆ, ಶ್ವಾಸನಾಳ ಕವಲೊಡೆಯುವಲ್ಲಿ. ಕಾಲರ್ ಅದನ್ನು ಮುಟ್ಟುವುದಿಲ್ಲ. ಒಮ್ಮೆಲೇ ಜೋರಾಗಿ ನುಗ್ಗುವ ಗಾಳಿಯನ್ನು ಕುತ್ತಿಗೆಯಲ್ಲಿ ತಡೆಯುತ್ತದೆ ಅಷ್ಟೆ. ಕೂಗು ನಿಲ್ಲುವುದಿಲ್ಲ, ಕೆಳದನಿಗೆ ಇಳಿಯುತ್ತದೆ.

ಹಾಕುವುದಾದರೆ ಪೂರ್ತಿ ಬೆಳೆದ ಹುಂಜಕ್ಕೆ ಮಾತ್ರ. ಅಗಲವಾದ ವೆಲ್ಕ್ರೋ ಪಟ್ಟಿ, ಗರಿಗಳ ಅಡಿಯಲ್ಲಿ ಚರ್ಮಕ್ಕೆ ತಾಗುವಂತೆ. ಕಿರುಬೆರಳು ಸರಾಗವಾಗಿ ಒಳಗೆ ಹೋಗಬೇಕು. ಕಟ್ಟಿದೊಡನೆ ಹುಂಜ ಹಿಂದಹಿಂದಕ್ಕೆ ನಡೆಯುತ್ತದೆ, ತಲೆ ಕೊಡವುತ್ತದೆ. ಅದು ಸ್ವಲ್ಪ ಹೊತ್ತಿನಲ್ಲಿ ನಿಲ್ಲಬೇಕು. ಬಾಯಿ ತೆರೆದು ಉಸಿರಾಡಿದರೆ, ಜುಟ್ಟು ನೇರಳೆ ಬಣ್ಣಕ್ಕೆ ತಿರುಗಿದರೆ ತಕ್ಷಣ ಬಿಚ್ಚಿ. ಬೆಳಿಗ್ಗೆ ಹಾಕಿ, ಇಡೀ ಹಗಲು ಎದುರಿಗಿದ್ದು ನೋಡಿ.

ನಸುಕು

@ಕೆಂಪುಜುಟ್ಟು, ವಿವರ ಸರಿ, ಆದರೆ ಅಪಾಯವನ್ನು ಹಗುರ ಮಾಡಿದ್ದೀರಿ. ಸಡಿಲವಾದರೆ ಕೆಳಗಿನ ಕೊಕ್ಕು ಪಟ್ಟಿಯೊಳಗೆ ಸಿಕ್ಕಿಕೊಂಡು ಕೋಳಿ ಬಾಯಿ ಬಿಟ್ಟುಕೊಂಡೇ ನಿಲ್ಲುತ್ತದೆ. ಬಿಗಿಯಾದರೆ ನುಂಗಿದ ಮೇವು ಕುತ್ತಿಗೆಯಲ್ಲೇ ಕೂರುತ್ತದೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಬಿಸಿಲಿನದು. ಕೋಳಿಗೆ ಬೆವರು ಗ್ರಂಥಿ ಇಲ್ಲ, ಸೆಕೆಯಾದಾಗ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಆ ದಾರಿಗೇ ಪಟ್ಟಿ ಕಟ್ಟಿದರೆ 32 ಡಿಗ್ರಿ ಮೇಲಿನ ಹಗಲಲ್ಲಿ ಹುಂಜ ಸತ್ತೇ ಹೋಗಬಹುದು. ಮನೆಯಲ್ಲಿ ಹಗಲೆಲ್ಲ ಯಾರೂ ಇರದಿದ್ದರೆ ಕಾಲರ್ ಮಾತೇ ಎತ್ತಬಾರದು ಎಂಬುದು ನನ್ನ ಅಭಿಪ್ರಾಯ. ಪ್ರತಿದಿನ ಮುಟ್ಟಿ ನೋಡುವ ತಾಳ್ಮೆ ಇರುವವರಿಗೆ, ತಂಪು ಕಾಲದಲ್ಲಿ, ಬೇರೆ ದಾರಿಯೇ ಇಲ್ಲದಾಗ ಮಾತ್ರ.

ಧ್ವನಿ ತೆಗೆಸುವ ಶಸ್ತ್ರಚಿಕಿತ್ಸೆಯ ಬಗ್ಗೆಯೂ ಯಾರಾದರೂ ಕೇಳುತ್ತಾರೆ. ಧ್ವನಿಪೆಟ್ಟಿಗೆ ಎದೆಯೊಳಗೆ ಎಂದಮೇಲೆ ಅದು ಎಂಥ ಕೆಲಸ ಎಂದು ನೀವೇ ಊಹಿಸಿ. ಬೇಡ.

ಮೇವುನೀರು

ಹೇಂಟೆಗಳ ವಿಷಯಕ್ಕೆ ಬರುತ್ತೇನೆ. ಹೌದು, ಸಂಬಂಧ ಇದೆ, ಸೂತ್ರ ಇರುವುದು ನಿಮ್ಮ ಆ ದೊಡ್ಡ ಹಿಡಿಯಲ್ಲಿ.

ಮೊಟ್ಟೆಯಿಡುವ ಹೇಂಟೆ ದಿನಕ್ಕೆ ಸುಮಾರು 120 ಗ್ರಾಂ ತಿನ್ನುತ್ತದೆ. ಲೇಯರ್ ಫೀಡ್‌ನಲ್ಲಿ ಪ್ರೋಟೀನ್ 17%, ಕ್ಯಾಲ್ಸಿಯಂ 3.8% ಎಂದಿಟ್ಟುಕೊಳ್ಳಿ. ಪೂರ್ತಿ ಅದನ್ನೇ ತಿಂದರೆ ಕ್ಯಾಲ್ಸಿಯಂ 4.5 ಗ್ರಾಂ ಸಿಗುತ್ತದೆ. ಒಂದು ಮೊಟ್ಟೆಯ ಸಿಪ್ಪೆಗೆ 2 ಗ್ರಾಂ ಆಸುಪಾಸು ಕ್ಯಾಲ್ಸಿಯಂ ಬೇಕು, ತಿಂದದ್ದರಲ್ಲಿ ಮೈಗೆ ಹತ್ತುವುದು ಸರಿಸುಮಾರು ಅರ್ಧ. ಅಂದರೆ ಲೆಕ್ಕ ಹೇಗೋ ಸರಿಹೋಗುತ್ತದೆ. ಈಗ 40 ಗ್ರಾಂ ಜಾಗವನ್ನು 9% ಪ್ರೋಟೀನಿನ ಕಾಳು ತಿಂದುಹಾಕಿತು ಅನ್ನಿ. ಪ್ರೋಟೀನ್ 14 ಚಿಲ್ಲರೆಗೆ ಇಳಿಯಿತು, ಕ್ಯಾಲ್ಸಿಯಂ 3 ಗ್ರಾಂಗೆ ಬಿತ್ತು. ಸಿಪ್ಪೆ ತೆಳ್ಳಗಾಗದೆ ಇನ್ನೇನಾದೀತು? ಗರಿ ಎಂದರೆ ಬಹುಪಾಲು ಪ್ರೋಟೀನ್, ಬಿದ್ದ ಗರಿ ಮತ್ತೆ ಬರಲೂ ಇದೇ ಕೊರತೆ ಅಡ್ಡ. ಕಾಳು ಕೋಳಿಗೆ 10–12 ಗ್ರಾಂ ಮೀರಬಾರದು. ಸಂಜೆ ಒಮ್ಮೆ ಮಾತ್ರ, ಅದೂ ಗೂಡಿಗೆ ಕರೆಯುವ ಆಮಿಷವಾಗಿ.

ಇನ್ನೊಂದು ಸೂಕ್ಷ್ಮ. ಲೇಯರ್ ಫೀಡ್ ಹುಂಜಕ್ಕೆ ಒಳ್ಳೆಯದಲ್ಲ. ಮೊಟ್ಟೆಯಿಡದ ಮೈಗೆ ಅಷ್ಟು ಕ್ಯಾಲ್ಸಿಯಂ ವರ್ಷಗಟ್ಟಲೆ ಹೋದರೆ ಮೂತ್ರಪಿಂಡಕ್ಕೆ ಹೊರೆ. ಎಲ್ಲಕ್ಕೂ ಸೇರಿ 16–18% ಪ್ರೋಟೀನ್, 1% ಆಸುಪಾಸು ಕ್ಯಾಲ್ಸಿಯಂ ಇರುವ ಫೀಡ್ ಇಟ್ಟು, ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿಡಿ. ಬೇಕಾದ ಹೇಂಟೆ ತಾನೇ ತಿನ್ನುತ್ತದೆ, ಹುಂಜ ಅದರ ಗೋಜಿಗೆ ಹೆಚ್ಚು ಹೋಗುವುದಿಲ್ಲ. ಚೂರು 2–5 ಮಿ.ಮೀ. ಇರಲಿ, ಹಿಟ್ಟಾಗಿರಬಾರದು. ಸಿಪ್ಪೆ ಹೆಚ್ಚಾಗಿ ಕಟ್ಟುವುದು ರಾತ್ರಿ. ದಪ್ಪ ಚೂರು ಹೊಟ್ಟೆಯಲ್ಲಿ ನಿಧಾನಕ್ಕೆ ಕರಗುತ್ತಾ ರಾತ್ರಿಯಿಡೀ ಒದಗುತ್ತದೆ, ಹಿಟ್ಟು ಅಷ್ಟರೊಳಗೆ ದಾಟಿಹೋಗಿರುತ್ತದೆ.

ಬೆನ್ನಿನ ಬೋಳು ಯಾರ ಕೆಲಸ ಎಂದು ಗರಿಯನ್ನೇ ನೋಡಿ. ಕುತ್ತಿಗೆಯ ಹಿಂಭಾಗ ಮತ್ತು ಬೆನ್ನಲ್ಲಿ ದಂಟು ಮುರಿದು ಮೊಂಡಾಗಿ ಉಳಿದಿದ್ದರೆ ಹುಂಜ ಹತ್ತಿ ಸವೆದದ್ದು. ಬಾಲದ ಬುಡ, ಗುದದ ಸುತ್ತ ಬೇರುಸಮೇತ ಕಿತ್ತಿದ್ದರೆ ಹೇಂಟೆಗಳೇ ಕುಕ್ಕುತ್ತಿವೆ, ಅದಕ್ಕೆ ಇಕ್ಕಟ್ಟು, ಪ್ರೋಟೀನ್ ಕೊರತೆ ಕಾರಣ. ಒಂದು ಹುಂಜಕ್ಕೆ 8–12 ಹೇಂಟೆ ಇದ್ದರೆ ಒಳ್ಳೆಯದು. ನಿಮ್ಮಲ್ಲಿ ಆರೇ ಇವೆ, ಅದರಲ್ಲೂ ಹುಂಜಕ್ಕೆ ಮೆಚ್ಚಿನವು ಎಂದು ಒಂದೆರಡು ಇರುತ್ತವೆ, ಪೆಟ್ಟು ಅವಕ್ಕೇ. ಆ ಎರಡಕ್ಕೆ ದಪ್ಪ ಬಟ್ಟೆಯ ಬೆನ್ನುಕವಚ ಹೊಲಿದು ರೆಕ್ಕೆಯ ಬುಡಕ್ಕೆ ಎಲಾಸ್ಟಿಕ್ ಹಾಕಿ ಕಟ್ಟಿ. ವಾರಕ್ಕೊಮ್ಮೆ ಬಿಚ್ಚಿ ಅಡಿಯಲ್ಲಿ ಹೇನು ಇದೆಯೇ ನೋಡಿ. ಹುಂಜದ ಕಾಲಿನ ಮುಳ್ಳಿನ ಮೊನೆಯನ್ನು ಅರದಿಂದ ಮೊಂಡು ಮಾಡಿ. ಬುಡದವರೆಗೆ ಹೋಗಬೇಡಿ, ಒಳಗೆ ರಕ್ತನಾಳವಿದೆ.

ರಾತ್ರಿ ಕೋಳಿಗಳು ಕೋಲಿನ ಮೇಲೆ ಕೂರದೆ ಚಡಪಡಿಸುತ್ತಿದ್ದರೆ ರಕ್ತ ಹೀರುವ ಕೆಂಪು ನುಸಿ ಇರಬಹುದು, ಚಡಪಡಿಸುವ ಹುಂಜ ಅಕಾಲದಲ್ಲಿ ಕೂಗುವುದೂ ಉಂಟು. ಹಗಲು ಇವು ಕೋಳಿಯ ಮೈಮೇಲೆ ಸಿಗುವುದಿಲ್ಲ, ಕೋಲಿನ ಸಂದುಗಳಲ್ಲಿ ಅಡಗಿರುತ್ತವೆ. ಕತ್ತಲಾದ ಮೇಲೆ ಬಿಳಿ ಕಾಗದದಿಂದ ಕೋಲಿನ ಅಡಿಭಾಗ ಒರೆಸಿ, ಕೆಂಪು ಗೀರು ಕಂಡರೆ ಅದೇ. ಕೋಲು ಕಳಚಿ ಕುದಿಯುವ ನೀರು ಹೊಯ್ದು, ಸಂದುಗಳಿಗೆ ಪಶುವೈದ್ಯರು ಹೇಳಿದ ಔಷಧ ಹೊಡೆಯಿರಿ. 6–7 ದಿನಕ್ಕೊಮ್ಮೆ ಒಟ್ಟು ಮೂರು ಸಲ ಮಾಡಬೇಕು, ಏಕೆಂದರೆ ಮೊದಲ ಸಲ ಉಳಿದ ನುಸಿಯ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ.

ಹಿತ್ತಿಲಗೂಡು

ಎಲ್ಲರಿಗೂ ಧನ್ಯವಾದ. ಬೆನ್ನಿನ ಗರಿಗಳು ಮುರಿದೇ ಇವೆ, ಅಂದರೆ ಹುಂಜದ್ದೇ ಕೆಲಸ. ಮರಿ ಮಾಡಿಸುವ ಆಸೆ ಇರುವುದರಿಂದ ಹುಂಜ ಸದ್ಯಕ್ಕೆ ಇರಲಿ. ಪೆಟ್ಟಿಗೆಯ ಬಗ್ಗೆ ಎರಡು ಅನುಮಾನ: ಇಲ್ಲಿ ಕೆಲವು ತಿಂಗಳು ರಾತ್ರಿಯಲ್ಲೂ 27–28 ಡಿಗ್ರಿ ಇರುತ್ತದೆ. ಕರೆಂಟೂ ಹೋಗುತ್ತಿರುತ್ತದೆ, ಫ್ಯಾನ್ ನಿಂತರೆ?

ಮರಗೆಲಸ

ಫ್ಯಾನ್ ನಿಂತರೆ ಸಾಯಬಾರದು ಎಂದೇ ಎರಡು ಕೊಳವೆಗಳನ್ನು ಅಷ್ಟು ದೊಡ್ಡದಾಗಿ ಹೇಳಿದ್ದು. ಫ್ಯಾನನ್ನು 12 ವೋಲ್ಟ್ ಬ್ಯಾಟರಿಗೇ ಜೋಡಿಸಿ, ಬ್ಯಾಟರಿಯನ್ನು ಚಾರ್ಜರಿಗೆ. 7 ಆಂಪಿಯರ್-ಅವರ್ ಬ್ಯಾಟರಿ 0.15 ಆಂಪಿಯರ್ ಎಳೆಯುವ ಫ್ಯಾನನ್ನು ಕರೆಂಟಿಲ್ಲದೆಯೂ ಒಂದು ರಾತ್ರಿ ಸುಲಭವಾಗಿ ಓಡಿಸುತ್ತದೆ. ಆದರೂ ಮೊದಲು ಫ್ಯಾನ್ ಆರಿಸಿಯೇ ಥರ್ಮಾಮೀಟರ್ ಪರೀಕ್ಷೆ ಮಾಡಿ. ಅದರಲ್ಲಿ ಪಾಸಾಗದ ಪೆಟ್ಟಿಗೆ ಬೇಡ.

27 ಡಿಗ್ರಿಯ ರಾತ್ರಿಗೆ ಮುಚ್ಚಿದ ಪೆಟ್ಟಿಗೆ ಹೇಳಲಾರೆ. 25ರ ಮೇಲೆ ಹೋದರೆ ಬಾಗಿಲು ತೆರೆದಿಡಿ. ಆ ತಿಂಗಳುಗಳಿಗೆ ತೆರೆದ ಅಡ್ಡಗೋಡೆ ಮಾಡಿಕೊಳ್ಳಿ: 18 ಮಿ.ಮೀ. ಪ್ಲೈ, ಚದರ ಮೀಟರಿಗೆ 10 ಕಿಲೋಗಿಂತ ಹೆಚ್ಚು ತೂಗುತ್ತದೆ, ಅಷ್ಟು ಸಾಕು. ಗೂಡಿನಿಂದ ಒಂದು ಮೀಟರಿನೊಳಗೆ, ನೆಲಕ್ಕೆ ಸಂದು ಬಿಡದೆ, ಗೂಡಿನ ಎರಡೂ ಬದಿಗೆ ಒಂದೊಂದು ಮೀಟರ್ ಚಾಚಿಕೊಳ್ಳುವಷ್ಟು ಉದ್ದ. ಗೂಡಿನ ಕಡೆಯ ಮುಖಕ್ಕೆ ರಾಕ್‌ವೂಲ್ ಹಾಸಿ ಜಾಲರಿಯಿಂದ ಮುಚ್ಚಿ. ಹುಂಜದ ತಲೆಯಿರುವ ಜಾಗದಿಂದ ನೋಡಿದಾಗ ಆ ಕಿಟಕಿ ಕಾಣಬಾರದು. ಅಂಚಿಗೆ ಮರೆಯಾದರೆ 5 ಡೆಸಿಬೆಲ್, ಚೆನ್ನಾಗಿ ಮರೆಯಾದರೆ 10ರ ಆಸುಪಾಸು. ಕಿಟಕಿ ಮಹಡಿಯ ಮೇಲಿದ್ದು ಗೋಡೆಯ ಮೇಲಿಂದ ಕಾಣುತ್ತಿದ್ದರೆ ಈ ಖರ್ಚು ಮಾಡಬೇಡಿ, ಉಪಯೋಗವಿಲ್ಲ.

ನಸುಕು

ಇನ್ನೊಂದು ಸೇರಿಸುತ್ತೇನೆ. ಕತ್ತಲಾದ ಮೇಲೆ, ಹುಂಜ ಕೋಲಿನ ಮೇಲೆ ಮಂಪರಿನಲ್ಲಿರುವಾಗ ಎತ್ತಿ ಪೆಟ್ಟಿಗೆಗೆ ಹಾಕಿ. ಹಗಲಲ್ಲಿ ಅಟ್ಟಿಸಿಕೊಂಡು ಹೋಗಿ ಹಿಡಿದರೆ ಅದು ನಿಮ್ಮ ಮೇಲೆ ಎಗರಲು ಕಲಿಯುತ್ತದೆ. ಒಳಗೆ ಒಟ್ಟು 10–11 ಗಂಟೆ ಮೀರಬಾರದು, ಆದ್ದರಿಂದ ಎಷ್ಟು ಹೊತ್ತಿಗೆ ಬಿಡಬೇಕೋ ಅದರಿಂದ ಹಿಂದಕ್ಕೆ ಎಣಿಸಿ ಹಾಕುವ ಹೊತ್ತು ಗೊತ್ತು ಮಾಡಿಕೊಳ್ಳಿ. ಬಿಟ್ಟೊಡನೆ ಮೊದಲು ನೀರು ಸಿಗಲಿ. ಬಿಟ್ಟ ತಕ್ಷಣ ಅದು ನಾಲ್ಕಾರು ಸಲ ಜೋರಾಗಿ ಕೂಗುವುದು ಖಂಡಿತ, ಹಾಗಾಗಿ ಪಕ್ಕದ ಮನೆಯವರು ಏಳುವ ಸಮಯವನ್ನು ಅವರನ್ನೇ ಕೇಳಿ. ಮರಿ ಮಾಡಿಸುವಾಗಲೂ ನೆನಪಿರಲಿ: ಮೊಟ್ಟೆಯೊಡೆದ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜಗಳೇ, ನಾಲ್ಕೈದು ತಿಂಗಳಿಗೆ ಕೂಗು ಶುರು. ಅವನ್ನು ಯಾರಿಗೆ ಕೊಡುತ್ತೀರಿ ಎಂಬುದು ಗೊತ್ತಾದ ಮೇಲೆ ಕಾವಿಗೆ ಇಡಿ.